ಹದಿನೆಂಟು ನಿಮಿಷದ ಹಾಡು, ಹದಿನೆಂಟು ವರ್ಷದ ಜಗಳ

ಕಳೆದ ಶನಿವಾರ ರಾತ್ರಿ ಹತ್ತೂವರೆಗೆ ಅಣ್ಣನ ಫೋನು. ಅವನಿರೋದು ಅಮೆರಿಕದ ಡಲ್ಲಾಸ್‌ನಲ್ಲಿ, ಅಲ್ಲಿ ಆಗ ಮಟಮಟ ಮಧ್ಯಾಹ್ನ. ಊಟ ಆಯ್ತಾ ಅಂತಿಲ್ಲ, ಮಳೆ ಹೇಗಿದೆ ಅಂತಿಲ್ಲ. ಸೀದಾ ವಿಷಯಕ್ಕೇ ಬಂದ.

"ನೀನೇ ಹೇಳು ಮಾರಾಯ್ತಿ, ಆ 'ದಿ ಪಾರ್ಚ್‌ಮೆಂಟ್' ಹಾಡಿಗೆ ಹನ್ನೆರಡೂವರೆ ನಿಮಿಷ ಯಾಕೆ ಬೇಕು? ಐದು ನಿಮಿಷದಲ್ಲಿ ಮುಗಿಸಬಹುದಿತ್ತಲ್ವಾ?"

"ಬೇಕು. ಅದು ನಿಧಾನಕ್ಕೆ ಏರೋ ಹಾಡು."

"ಏರೋದೂ ಇಲ್ಲ, ಇಳಿಯೋದೂ ಇಲ್ಲ. ಆಗುಂಬೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡ ಹಾಗಿದೆ."

ನಮ್ಮಿಬ್ಬರಿಗೆ ಆಸ್ತಿ ಜಗಳ ಇಲ್ಲ. ರಾಜಕೀಯ ಮಾತಾಡೋದನ್ನು ಅತ್ತಿಗೆ ನಿಲ್ಲಿಸಿಬಿಟ್ಟಿದ್ದಾರೆ. ಇರೋದು ಇದೊಂದೇ. ಐರನ್ ಮೇಡನ್‌ನ ಹೊಸ ಆಲ್ಬಮ್‌ಗಳು ಹಳೆಯವುಗಳ ಪಕ್ಕ ಕೂರೋಕೆ ಯೋಗ್ಯವಾ ಇಲ್ವಾ ಅನ್ನೋದು. ಹದಿನೆಂಟು ವರ್ಷ ಆಯ್ತು, ಇನ್ನೂ ಇತ್ಯರ್ಥ ಆಗಿಲ್ಲ.

ಮೆಟಲ್ ಕೇಳದವರು ಇಲ್ಲೇ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ, ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಐರನ್ ಮೇಡನ್ ಪೂರ್ವ ಲಂಡನ್ನಿನ ತಂಡ. 1975ರ ಕ್ರಿಸ್‌ಮಸ್ ದಿನ ಸ್ಟೀವ್ ಹ್ಯಾರಿಸ್ ಅನ್ನೋ ಬೇಸ್ ಗಿಟಾರ್ ವಾದಕ ಕಟ್ಟಿದ್ದು. ಮೊದಲ ಆಲ್ಬಮ್ 1980ರಲ್ಲಿ. 1981ರಲ್ಲಿ ಬ್ರೂಸ್ ಡಿಕಿನ್ಸನ್ ಗಾಯಕನಾಗಿ ಸೇರಿದ ಮೇಲೆ 'ದಿ ನಂಬರ್ ಆಫ್ ದಿ ಬೀಸ್ಟ್', 'ಪೀಸ್ ಆಫ್ ಮೈಂಡ್', 'ಪವರ್‌ಸ್ಲೇವ್', 'ಸಮ್‌ವೇರ್ ಇನ್ ಟೈಮ್', 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್' ಅಂತ 1988ರವರೆಗೆ ಒಂದರ ಹಿಂದೆ ಒಂದು. ತೊಂಬತ್ತರ ದಶಕದಲ್ಲಿ ಬ್ರೂಸ್ ಬಿಟ್ಟುಹೋದ. ಬ್ಲೇಜ್ ಬೇಲಿ ಅನ್ನೋ ಇನ್ನೊಬ್ಬ ಬಂದು ಎರಡು ಆಲ್ಬಮ್ ಹಾಡಿದ. 1999ರಲ್ಲಿ ಬ್ರೂಸ್ ವಾಪಸ್, ಜೊತೆಗೆ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ. ಅಲ್ಲಿಂದೀಚೆಗೆ ಬಂದ ಆರು ಆಲ್ಬಮ್‌ಗಳನ್ನು ನಾವು 'ಹೊಸ ಮೇಡನ್' ಅಂತೀವಿ. ಹೊಸತು ಅಂದರೂ ಅದರಲ್ಲಿ ಮೊದಲನೆಯದಕ್ಕೆ ಈಗ 25 ವರ್ಷ ತುಂಬಿದೆ, ನಗಬೇಡಿ.

ಅಣ್ಣ ಹಳೇ ಪಕ್ಷ. ನಾನು ಹೊಸ ಪಕ್ಷ.

ಈ ಹುಚ್ಚು ಹತ್ತಿಸಿದ್ದು ಮಾತ್ರ ಅವನೇ. 1998ರ ದಸರಾ ರಜೆಗೆ ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲ್‌ನಿಂದ ಸಾಗರಕ್ಕೆ ಬಂದಾಗ ಅವನ ಚೀಲದಲ್ಲಿ ಮೂರು ಕ್ಯಾಸೆಟ್ ಇತ್ತು. ಯಾರದೋ ಕ್ಯಾಸೆಟ್‌ನಿಂದ ನಕಲು ಮಾಡಿಕೊಂಡದ್ದು, ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು. ನನಗಾಗ ಹನ್ನೊಂದು. ಮನೆಯಲ್ಲಿದ್ದದ್ದು ಒಂದೇ ಟೇಪ್ ರೆಕಾರ್ಡರ್, ಅದು ಅಪ್ಪನದ್ದು. ಅದರೊಳಗೆ ಆವರೆಗೆ ಹೋದ ಕ್ಯಾಸೆಟ್ಟೆಲ್ಲ ಹೆಚ್ಚುಕಮ್ಮಿ ಒಬ್ಬರದ್ದೇ: ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಕಾಳಿಂಗ ನಾವಡರದ್ದು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಯಕ್ಷಗಾನ ಅಂದರೆ ಪ್ರಾಣ. ಅಣ್ಣ 'ದಿ ಟ್ರೂಪರ್' ಹಾಕಿದಾಗ ಅಪ್ಪ ಪೇಪರ್ ಕೆಳಗಿಟ್ಟು ಪೂರ್ತಿ ಕೇಳಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ವಿ. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಚಂಡೆ ಚೆನ್ನಾಗಿದೆ. ಭಾಗವತರಿಗೆ ಮಾತ್ರ ಶ್ರುತಿ ಸ್ವಲ್ಪ ಹೆಚ್ಚಾಯ್ತು."

ಇವತ್ತಿಗೂ ನಮ್ಮನೆಯಲ್ಲಿ ಬ್ರೂಸ್ ಡಿಕಿನ್ಸನ್‌ಗೆ 'ಭಾಗವತರು' ಅಂತಲೇ ಹೆಸರು.

ಮುಂದೆ 2006ರಲ್ಲಿ ನಾನು ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದ್ತಿದ್ದೆ. ರೂಮ್‌ಮೇಟ್ ಹತ್ತಿರ ಒಂದು ಎಂಪಿತ್ರೀ ಸಿಡಿ ಇತ್ತು, ಅದರಲ್ಲಿ ಆಗಷ್ಟೇ ಬಂದಿದ್ದ 'ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್'. ಎಪ್ಪತ್ತು ನಿಮಿಷಕ್ಕೂ ಹೆಚ್ಚು, ಹತ್ತೇ ಹಾಡು, ಬಹುಪಾಲು ಯುದ್ಧ ಮತ್ತು ದೇವರ ಹೆಸರಿನ ರಕ್ತದ ಬಗ್ಗೆ. ಒಂದು ಹಾಡು ಅಣುಬಾಂಬ್ ತಯಾರಿಸಿದವರ ಬಗ್ಗೆ, ಇನ್ನೊಂದು ನಾರ್ಮಂಡಿ ದಡಕ್ಕೆ ಇಳಿದ ಸೈನಿಕರ ಬಗ್ಗೆ. ಅಣ್ಣನ ಕ್ಯಾಸೆಟ್‌ಗಳ ಮೇಡನ್ ಕುದುರೆ ಓಡಿಸ್ತಾ ಇತ್ತು. ಈ ಮೇಡನ್ ನಡೀತಾ ಇತ್ತು, ಬೂಟಿನ ಭಾರ ಕೇಳಿಸೋ ಹಾಗೆ. ಪರೀಕ್ಷೆಯ ರಾತ್ರಿಗಳಲ್ಲಿ ಅದನ್ನೇ ಕೇಳಿದೆ. ನನ್ನದು ಅಂತ ಅನ್ನಿಸಿದ ಮೊದಲ ಆಲ್ಬಮ್ ಅದು. ಅಣ್ಣನಿಂದ ಇಸಿದುಕೊಂಡದ್ದಲ್ಲ.

2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿಗೇ ಬಂತು, ಅರಮನೆ ಮೈದಾನಕ್ಕೆ. ಈಗಿನ ಹುಡುಗರಿಗೆ ಅದು ಎಂಥಾ ಸುದ್ದಿ ಅಂತ ಅರ್ಥವಾಗೋದು ಕಷ್ಟ. ಈಗ ತಿಂಗಳಿಗೊಬ್ಬರು ಬರ್ತಾರೆ. ಆಗ ಆ ಮಟ್ಟದ ಮೆಟಲ್ ತಂಡವೊಂದು ಭಾರತದಲ್ಲಿ ನಿಂತು ನುಡಿಸುತ್ತೆ ಅಂದರೆ ಯಾರೂ ನಂಬ್ತಿರಲಿಲ್ಲ. ಗುವಾಹಟಿಯಿಂದ, ಶಿಲ್ಲಾಂಗ್‌ನಿಂದ ರೈಲಲ್ಲಿ ಬಂದವರು ನಮ್ಮ ಪಕ್ಕ ನಿಂತಿದ್ರು. ಅಣ್ಣ ಆಗ ಇಲ್ಲೇ ಕೆಲಸದಲ್ಲಿದ್ದ. ಎರಡು ಟಿಕೆಟ್ ತಂದಿದ್ದ, ಒಂದು ನನಗೆ. ಅಪ್ಪನಿಗೆ 'ಕಾಲೇಜ್ ಪ್ರಾಜೆಕ್ಟ್' ಅಂತ ಸುಳ್ಳು ಹೇಳಿದ್ದೂ ಅವನೇ.

ಆ ಪ್ರವಾಸ ಆ ಹೊಸ ಆಲ್ಬಮ್‌ನದ್ದು. ಹಿಂದಿನ ವರ್ಷ ಯುರೋಪು, ಅಮೆರಿಕದಲ್ಲಿ ಇವರು ಮಾಡಿದ ಕೆಲಸ ಕೇಳಿ: ಹತ್ತೂ ಹೊಸ ಹಾಡನ್ನು ಮೊದಲಿಂದ ಕೊನೆವರೆಗೆ ನುಡಿಸಿ, ಆಮೇಲಷ್ಟೇ ಹಳೇದಕ್ಕೆ ಕೈ ಹಾಕಿದ್ದು. ದುಡ್ಡು ಕೊಟ್ಟು ಬಂದ ಅಭಿಮಾನಿಗಳು ಅಲ್ಲೇ ಎರಡು ಪಾಲಾಗಿ ಬೈದಾಡಿಕೊಂಡ್ರು. ನಮ್ಮಲ್ಲಿಗೆ ಬರೋ ಹೊತ್ತಿಗೆ ಸ್ವಲ್ಪ ಕರಗಿದ್ರು, ಹೊಸದೂ ಇತ್ತು, ಹಳೇದೂ ಇತ್ತು. ಹೊಸ ಹಾಡು ಬಂದಾಗಲೆಲ್ಲ ಅಣ್ಣ ನೀರು ಕುಡಿಯೋಕೆ ಹೋಗ್ತಿದ್ದ. ನಾನು ಗಂಟಲು ಹರಿಯೋ ಹಾಗೆ ಹಾಡ್ತಿದ್ದೆ. 'ಫಿಯರ್ ಆಫ್ ದಿ ಡಾರ್ಕ್' ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ, ಇಡೀ ಮೈದಾನದ ಜೊತೆ. ವಾಪಸ್ ಬರ್ತಾ ಮೇಖ್ರಿ ಸರ್ಕಲ್‌ವರೆಗೆ ಆಟೋ ಸಿಗದೆ ನಡೆದ್ವಿ. ನಡೀತಾ ಶುರುವಾದ ಜಗಳ ಇದು.

ಅಣ್ಣನ ವಾದ ಏನು ಅಂತ ನ್ಯಾಯವಾಗಿ ಹೇಳಬೇಕು, ಇಲ್ಲಾಂದ್ರೆ ಈ ಅಂಕಣ ಓದಿ ಮತ್ತೆ ಫೋನ್ ಮಾಡ್ತಾನೆ.

ಮೊದಲನೆಯದು ಉದ್ದ. 'ದಿ ನಂಬರ್ ಆಫ್ ದಿ ಬೀಸ್ಟ್' ಇಡೀ ಆಲ್ಬಮ್ ಸುಮಾರು 40 ನಿಮಿಷ. ಯಾಕಂದ್ರೆ ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷಕ್ಕಿಂತ ಹೆಚ್ಚು ತುಂಬಿದರೆ ಧ್ವನಿ ಸೊರಗುತ್ತೆ. ಜಾಗ ಕಮ್ಮಿ, ಹಾಗಾಗಿ ಬೇಡದ್ದನ್ನು ಕಿತ್ತುಹಾಕಲೇಬೇಕು. ಸಿಡಿ ಬಂದ ಮೇಲೆ ಎಪ್ಪತ್ತು ಚಿಲ್ಲರೆ ನಿಮಿಷ ಸಿಕ್ತು. ಕೊಟ್ಟ ಜಾಗವನ್ನೆಲ್ಲ ತುಂಬಿಸಿದ್ರು. 2015ರ 'ದಿ ಬುಕ್ ಆಫ್ ಸೋಲ್ಸ್' 92 ನಿಮಿಷ, 2021ರ 'ಸೆಂಜುತ್ಸು' 80 ನಿಮಿಷ ದಾಟುತ್ತೆ. ಎರಡೂ ಜೋಡಿ ಡಿಸ್ಕ್. "ಮನೆ ದೊಡ್ಡದಾಯ್ತು ಅಂತ ಗುಜರಿ ಸಾಮಾನು ತಂದಿಟ್ಟ ಹಾಗೆ" ಅಂತಾನೆ ಅಣ್ಣ.

ಎರಡನೆಯದು ಆರಂಭ. ಸ್ಟೀವ್ ಹ್ಯಾರಿಸ್ ಬರೆದ ಹೊಸ ಹಾಡುಗಳಲ್ಲಿ ಬಹಳಷ್ಟು ಒಂದೇ ರೀತಿ ಶುರುವಾಗುತ್ತೆ: ಒಂಟಿ ಬೇಸ್ ಮೆಲ್ಲಗೆ ಟಿಂವ್ ಟಿಂವ್ ಅನ್ನುತ್ತೆ, ಬ್ರೂಸ್ ಪಿಸುಗುಡ್ತಾನೆ, ಎರಡು ನಿಮಿಷ ಆದ ಮೇಲೆ ಧಡ್ ಅಂತ ಎಲ್ಲರೂ ಬೀಳ್ತಾರೆ. ಇದನ್ನು ನಾನೂ ಒಪ್ತೀನಿ. 2010ರ 'ದಿ ಫೈನಲ್ ಫ್ರಾಂಟಿಯರ್'ನ ಮೊದಲ ನಾಲ್ಕು ನಿಮಿಷ ಏನು ನಡೀತಿದೆ ಅಂತ ನನಗೂ ಗೊತ್ತಾಗಿಲ್ಲ, ಬಹುಶಃ ಅವರಿಗೂ.

ಮೂರನೆಯದು ಧ್ವನಿಮುದ್ರಣ. ಹಳೇ ಆಲ್ಬಮ್‌ಗಳನ್ನು ನೋಡಿಕೊಂಡವನು ಮಾರ್ಟಿನ್ ಬರ್ಚ್. ಅವನು 1992ರಲ್ಲಿ ನಿವೃತ್ತನಾದ, 2020ರಲ್ಲಿ ತೀರಿಕೊಂಡ. 2000ದಿಂದೀಚೆಗೆ ಕೆವಿನ್ ಶರ್ಲಿ. ಇವನ ಕಾಲದಲ್ಲಿ ಎಲ್ಲರೂ ಸ್ಟುಡಿಯೋದಲ್ಲಿ ಒಟ್ಟಿಗೆ ನಿಂತು, ವೇದಿಕೆ ಮೇಲೆ ನುಡಿಸಿದ ಹಾಗೆ ನುಡಿಸಿ, ಹೆಚ್ಚು ತಿದ್ದದೆ ಬಿಡ್ತಾರೆ. 2006ರ ಆಲ್ಬಮ್‌ಗಂತೂ ಮಾಸ್ಟರಿಂಗ್ ಅನ್ನೋ ಕೊನೇ ಹೊಳಪನ್ನೇ ಕೊಡಲಿಲ್ಲ. ಅಣ್ಣನಿಗೆ ಅದು ಮಸುಕು, ಕಂಬಳಿ ಹೊದ್ದು ಕೇಳಿದ ಹಾಗೆ. ನನಗೆ ಅದು ಆರು ಜನ ಒಂದು ಕೋಣೆಯಲ್ಲಿದ್ದಾರೆ ಅನ್ನೋ ನಂಬಿಕೆ.

2003ರ 'ಡಾನ್ಸ್ ಆಫ್ ಡೆತ್' ಮುಖಪುಟದ ವಿಷಯದಲ್ಲಿ ಮಾತ್ರ ಜಗಳ ಇಲ್ಲ. ಕಂಪ್ಯೂಟರಲ್ಲಿ ಅರ್ಧಂಬರ್ಧ ಮಾಡಿದ್ದ ಚಿತ್ರವನ್ನೇ ಹಾಗೇ ಅಚ್ಚು ಹಾಕಿಸಿದ್ರು. ಚಿತ್ರ ಮಾಡಿದವನೇ 'ನನ್ನ ಹೆಸರು ಹಾಕಬೇಡಿ' ಅಂದ. ಒಳಗೆ 'ಪ್ಯಾಶನ್‌ಡೇಲ್' ಅಂತ ಮೊದಲ ಮಹಾಯುದ್ಧದ ಒಂದು ಹಾಡಿದೆ, ಅದೊಂದಕ್ಕಾಗಿ ಮುಖಪುಟ ಕ್ಷಮಿಸಬಹುದು.

ನನ್ನ ಕಡೆಯ ವಾದವೂ ಇದೆ. ಉದ್ದ ಅಂತ ಬೈಯೋ ಅಣ್ಣನ ಪರಮಪ್ರಿಯ ಆಲ್ಬಮ್ 'ಪವರ್‌ಸ್ಲೇವ್'. ಅದರ ಕೊನೇ ಹಾಡು ಕೋಲ್‌ರಿಜ್ ಕವಿಯ ಮುದುಕ ನಾವಿಕನ ಕಥೆ, ಹದಿಮೂರೂವರೆ ನಿಮಿಷ. 1984ರಲ್ಲಿ! ಆಗ ಉದ್ದ ಅನ್ನಿಸಲಿಲ್ವಾ? 1986ರಲ್ಲಿ ಗಿಟಾರಿಗೆ ಸಿಂಥಸೈಜರ್ ಜೋಡಿಸಿದಾಗಲೂ 'ಇವರು ಕೆಟ್ಟುಹೋದ್ರು' ಅಂದವರಿದ್ರು. ಈಗ ಆ ಆಲ್ಬಮ್ಮೇ ಹಳೇ ಪಕ್ಷದ ದೇವರಪಟ. ಇನ್ನು ಮೊದಲೆರಡು ಆಲ್ಬಮ್ ಹಾಡಿದ ಪಾಲ್ ಡಿಯಾನೋ ಇದ್ದಾಗಿನದ್ದೇ ಅಸಲಿ ಮೇಡನ್, ಬ್ರೂಸ್ ಬಂದ ಮೇಲೆ ಎಲ್ಲ ಒಪೆರಾ ಆಯ್ತು ಅನ್ನೋರೂ ಇದ್ದಾರೆ. ಅವರ ಮುಂದೆ ನಮ್ಮಣ್ಣನೇ ಹೊಸ ಪಕ್ಷ.

ಚರ್ಚ್ ಸ್ಟ್ರೀಟ್‌ನಲ್ಲಿ ನಾವು ನಾಲ್ಕು ಜನ ಎರಡು ತಿಂಗಳಿಗೊಮ್ಮೆ ಸೇರ್ತೀವಿ, ಎಲ್ಲರೂ ಬೇರೆ ಬೇರೆ ಆಫೀಸು. ಅದರಲ್ಲೊಬ್ಬ ಟೆಸ್ಟಿಂಗ್‌ನಲ್ಲಿರೋ ಗೆಳೆಯ ಬ್ಲೇಜ್ ಬೇಲಿಯ ವಕೀಲ. ಯಾರೂ ಕೇಳದಿದ್ದರೂ ವಾದ ಮಂಡಿಸ್ತಾನೆ. ಬ್ಲೇಜ್‌ನದ್ದು ತಗ್ಗಿನ ಕಂಠ. ಬ್ರೂಸ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಡುಗಳನ್ನು ವೇದಿಕೆ ಮೇಲೆ ಅವನ ಮೈಗೆ ತೊಡಿಸಿ, ಆಮೇಲೆ 'ಇವನಿಗೆ ಬರಲ್ಲ' ಅಂದ್ರು, ಅದು ಅನ್ಯಾಯ ಅಂತಾನೆ. ಅವನ ಮಾತಲ್ಲಿ ಹುರುಳಿದೆ. 2018ರ ಪ್ರವಾಸದಲ್ಲಿ ಬ್ಲೇಜ್ ಕಾಲದ 'ಸೈನ್ ಆಫ್ ದಿ ಕ್ರಾಸ್', 'ದಿ ಕ್ಲಾನ್ಸ್‌ಮನ್' ಎರಡನ್ನೂ ಬ್ರೂಸ್ ಹಾಡಿದಾಗ ಜನ ಕುಣಿದ್ರು. ಹಾಡು ಕೆಟ್ಟದ್ದಾಗಿರಲಿಲ್ಲ ಅಂತಾಯ್ತಲ್ಲ. ಆವತ್ತು ಬಿಲ್ ನಾವು ಮೂವರೇ ಕೊಟ್ವಿ, ಅವನಿಗೆ ಮಾಫಿ.

2015ಕ್ಕೆ ಬರ್ತೀನಿ. ಆ ವರ್ಷದ ಶುರುವಿನಲ್ಲಿ ಬ್ರೂಸ್‌ನ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಅಂತ ಸುದ್ದಿ ಬಂತು. ಹಾಡುವವನಿಗೆ ನಾಲಿಗೆಯ ಬುಡದಲ್ಲಿ ಗಡ್ಡೆ! ಕಿಮೊ, ರೇಡಿಯೇಷನ್ ಎಲ್ಲ ಆಗಿ ಮೇ ತಿಂಗಳಲ್ಲಿ ಗುಣವಾಯ್ತು ಅಂದ್ರು. ಸೆಪ್ಟೆಂಬರ್‌ನಲ್ಲಿ 'ದಿ ಬುಕ್ ಆಫ್ ಸೋಲ್ಸ್' ಬಂತು. ಕಾಯಿಲೆ ಗೊತ್ತಾಗೋ ಮುಂಚೆಯೇ, ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಅವನು ಹಾಡಿ ಮುಗಿಸಿದ್ದ ಆಲ್ಬಮ್ ಅದು. ಅಂದರೆ ಗಂಟಲಲ್ಲಿ ಅದನ್ನಿಟ್ಟುಕೊಂಡೇ, ಗೊತ್ತಿಲ್ಲದೆ, ಅಷ್ಟನ್ನೂ ಹಾಡಿದ್ದ.

ಅದರ ಕೊನೇ ಹಾಡು 'ಎಂಪೈರ್ ಆಫ್ ದಿ ಕ್ಲೌಡ್ಸ್', 18 ನಿಮಿಷ. ಮೇಡನ್‌ನ ಅತಿ ಉದ್ದದ ಹಾಡು. ಬ್ರೂಸ್ ಪಿಯಾನೋ ಮುಂದೆ ಕೂತು ಬರೆದದ್ದು. ಆರ್-101 ಅನ್ನೋ ಬ್ರಿಟಿಷ್ ವಾಯುನೌಕೆಯ ಕಥೆ. 1930ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಅದು ಬರಬೇಕಿದ್ದದ್ದು ಕರಾಚಿಗೆ, ಅಂದರೆ ಆಗಿನ ನಮ್ಮ ಇಂಡಿಯಾಕ್ಕೇ. ಫ್ರಾನ್ಸ್ ದಾಟಲಿಲ್ಲ. ಬೋವೆ ಹತ್ತಿರ ಮಳೆಗಾಳಿಯ ರಾತ್ರಿಯಲ್ಲಿ ಬಿದ್ದು ಹೊತ್ತಿ ಉರಿದು 48 ಜನ ಸತ್ತರು. ಸ್ವತಃ ಪೈಲಟ್ ಆಗಿರೋ ಬ್ರೂಸ್‌ಗೆ ಆ ಕಥೆಯ ಒಂದೊಂದು ನಟ್ಟು ಬೋಲ್ಟೂ ಗೊತ್ತು. ತಂಡದ ವಿಮಾನವನ್ನು ತಾನೇ ಓಡಿಸಿಕೊಂಡು 2008ರಲ್ಲಿ ಮುಂಬೈಗೆ ಬಂದಿಳಿದವನಲ್ವಾ ಅವನು.

ಆ ಹಾಡನ್ನು ನಾನು ಮೊದಲು ಕೇಳಿದ್ದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ, ಆಫೀಸ್ ಕ್ಯಾಬಿನೊಳಗೆ. ಹಾಡು ಶುರುವಾದಾಗ ಎಲ್ಲಿದ್ದೆನೋ ಮುಗಿದಾಗಲೂ ಅಲ್ಲೇ ಇದ್ದೆ. ಹಾಗಾಗಿ ಬೆಂಗಳೂರಿನವರಿಗೆ 18 ನಿಮಿಷ ಉದ್ದ ಅಂತ ಯಾರೂ ಹೇಳಬಾರದು. ಕಣ್ಣೊರೆಸಿಕೊಂಡೆ, ಪಕ್ಕದಲ್ಲಿದ್ದ ಎಚ್‌ಆರ್ ಹುಡುಗಿ ಟಿಶ್ಯೂ ಕೊಟ್ಟಳು. ರಾತ್ರಿ ಅಣ್ಣನಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: "ಪಿಯಾನೋ ಚೆನ್ನಾಗಿದೆ. ದನಿ ದಣಿದಿದೆ."

ಈ ಮಾತೇ ಅವನ ನಿಜವಾದ ದೂರು ಅಂತ ಅರ್ಥವಾಗೋಕೆ ನನಗೆ ಇನ್ನೂ ಏಳು ವರ್ಷ ಬೇಕಾಯ್ತು. ಉದ್ದ, ಬೇಸ್, ಶರ್ಲಿ ಎಲ್ಲ ನೆಪ. ಬ್ರೂಸ್‌ನ ದನಿ 1982ರಲ್ಲಿ ಇದ್ದ ಹಾಗೆ ಇಲ್ಲ, ಅದು ಅವನಿಗೆ ತಡೆಯೋಕಾಗಲ್ಲ. 'ಸೆಂಜುತ್ಸು' ಮುದ್ರಣ ಆಗಿದ್ದು 2019ರಲ್ಲಿ, ಬ್ರೂಸ್‌ಗೆ ಅರವತ್ತು ದಾಟಿತ್ತು. ಎತ್ತರದ ಸ್ವರಕ್ಕೆ ಹೋಗುವಾಗ ಅಂಚು ಸೀಳುತ್ತೆ, ಕೇಳಿದರೆ ಗೊತ್ತಾಗುತ್ತೆ. ನನಗೆ ಆ ಸೀಳೇ ಇಷ್ಟ. ಅಣ್ಣ ಅದು ಬರೋ ಮುಂಚೆ ಮುಂದಿನ ಹಾಡಿಗೆ ಹೋಗಿಬಿಡ್ತಾನೆ.

ಇದು ಅವನಿಗೆ ಅಪ್ಪನಿಂದ ಬಂದ ಬುದ್ಧಿ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಹುಟ್ಟಿದ್ದು 1958ರಲ್ಲಿ. ಬ್ರೂಸ್ ಹುಟ್ಟಿದ್ದೂ ಅದೇ ವರ್ಷ, ಇದನ್ನು ನಾನು ಇತ್ತೀಚೆಗೆ ಗಮನಿಸಿದೆ. ನಾವಡರು ಹೋದ ಮೇಲೆ ಅಪ್ಪ ಆಟಕ್ಕೆ ಹೋಗೋದನ್ನು ಬಿಡಲಿಲ್ಲ, ಆದರೆ ಯಾವ ಭಾಗವತರನ್ನೂ ಪೂರ್ತಿ ಒಪ್ಪಲಿಲ್ಲ. "ಪದ್ಯ ಚೆನ್ನಾಗಿ ಹೇಳ್ತಾರೆ, ಆದ್ರೆ..." ಅಂತ ಶುರುಮಾಡಿ ಆ 'ಆದ್ರೆ'ಯಲ್ಲೇ ನಿಲ್ಲಿಸ್ತಿದ್ರು. ಕ್ಯಾಸೆಟ್‌ನಲ್ಲಿರೋ ನಾವಡರಿಗೆ ವಯಸ್ಸಾಗಲಿಲ್ಲ, ನೆಗಡಿ ಆಗಲಿಲ್ಲ, ಶ್ರುತಿ ಇಳಿಸಬೇಕಾಗಿ ಬರಲಿಲ್ಲ. ಅವರ ಜೊತೆ ಸ್ಪರ್ಧೆಗೆ ಇಳಿದರೆ ಜೀವಂತ ಇರೋ ಯಾರೂ ಗೆಲ್ಲೋದಿಲ್ಲ.

ಅಪ್ಪ ಸ್ವತಃ ಚೆನ್ನಾಗಿ ಪದ್ಯ ಹೇಳ್ತಿದ್ರು. ಮೇಳದಲ್ಲಲ್ಲ, ಮನೆಯ ಜಗಲಿಯಲ್ಲಿ, ದೀಪಾವಳಿ ರಾತ್ರಿ, ನೆಂಟರು ಒತ್ತಾಯ ಮಾಡಿದಾಗ. 2008ರಲ್ಲಿ, ಅಮೆರಿಕಕ್ಕೆ ಹೋಗೋ ಮುಂಚಿನ ದೀಪಾವಳಿಯಲ್ಲಿ, ಅಣ್ಣ ಅದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಹಿಂದೆ ಪಟಾಕಿ ಸದ್ದು, ಅಮ್ಮ ಯಾರನ್ನೋ ಕಾಫಿಗೆ ಕರೆಯೋದು, ನಡುವೆ ಅಪ್ಪನ ಏರುದನಿ.

2022ರ ನವೆಂಬರ್‌ನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯ್ತು. ಬಲಗೈ, ಬಲಗಾಲು, ಮಾತು. ಅಣ್ಣ ಮೂರನೇ ದಿನಕ್ಕೆ ಬಂದು, ಎರಡು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ, ವಾಪಸ್ ಹೋದ. ನಾವು ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದ್ವಿ. ಕಾಲು ಬಂತು. ಕೈ ಅರ್ಧ ಬಂತು. ಮಾತು ಬಂತು, ಆದರೆ ಒಂದೊಂದು ಪದವನ್ನೂ ಬಾವಿಯಿಂದ ಸೇದಿ ತರಬೇಕು. ಅವರು ಹುಡುಕ್ತಾ ಇರೋ ಪದ ನಮಗೆ ಗೊತ್ತಿರುತ್ತೆ, ಆದರೂ ನಾವು ಹೇಳಬಾರದು, ಕಾಯಬೇಕು ಅಂತ ಸ್ಪೀಚ್ ಥೆರಪಿಯವರು ಹೇಳಿದ್ದಾರೆ. ಕಾಯೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ನಾನೇ ಎಷ್ಟೋ ಸಲ ಆಫೀಸ್ ಕಾಲ್‌ಗೆ ತಡವಾಗುತ್ತೆ ಅಂತ ಪದ ತುಂಬಿಸಿಬಿಟ್ಟಿದ್ದೀನಿ. ಆಗ ಅಪ್ಪ ಮುಖ ತಿರುಗಿಸಿಕೊಳ್ತಾರೆ.

ಅಣ್ಣ ಫೋನ್ ಮಾಡೋದು ನನಗೆ. ಅಪ್ಪನಿಗೆ ಕೊಡ್ತೀನಿ ಅಂದರೆ 'ಮೀಟಿಂಗ್ ಇದೆ'. ಶನಿವಾರವೂ ಮೀಟಿಂಗ್. ನನಗೆ ಸಿಟ್ಟು ಬರ್ತಿತ್ತು. ಒಂದು ದಿನ ಅತ್ತಿಗೆ ಹೇಳಿದ್ರು, ಅವನು ಆಫೀಸಿಗೆ ಕಾರಲ್ಲಿ ಹೋಗ್ತಾ ಆ ದೀಪಾವಳಿ ರೆಕಾರ್ಡಿಂಗ್ ಹಾಕಿಕೊಳ್ತಾನಂತೆ, ದಿನಾ.

ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ. ಆದರೆ ಮುಂದಿನ ಸಲ ಅವನು 'ಬ್ರೂಸ್ 1988ರಲ್ಲೇ ನಿಲ್ಲಿಸಬೇಕಿತ್ತು' ಅಂದಾಗ ನಾನು ಫೋನ್ ಇಟ್ಟುಬಿಟ್ಟೆ. ಎರಡು ತಿಂಗಳು ಮಾತಾಡಲಿಲ್ಲ. ನಗಬೇಡಿ, ಬ್ಯಾಂಡಿನ ವಿಷಯಕ್ಕೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

2023ರ ಆಗಸ್ಟ್‌ನಲ್ಲಿ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ತನ್ನ ಸುದ್ದಿ ಹೇಳಿದ. ಅದೇ ಜನವರಿಯಲ್ಲಿ ಅವನಿಗೂ ಪಾರ್ಶ್ವವಾಯು ಆಗಿತ್ತಂತೆ, 70ನೇ ವಯಸ್ಸಲ್ಲಿ, ಬಲಭಾಗಕ್ಕೇ. ಮೇ ತಿಂಗಳಿಗೆ ಪ್ರವಾಸ ಶುರು. ಹೋಗಿ ನುಡಿಸಿದ. ಮೊದಲಿನ ಕೆಲವು ವೇಗದ ಪೆಟ್ಟುಗಳು ಬರ್ತಿಲ್ಲ, ಅವನ್ನು ಬೇರೆ ಥರ ನುಡಿಸ್ತಿದ್ದೀನಿ ಅಂತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಆ ಸುದ್ದಿಯ ಲಿಂಕನ್ನು ಅಣ್ಣನಿಗೆ ಕಳಿಸಿದೆ, ಏನೂ ಬರೆಯದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

2024ರ ಕೊನೆಯಲ್ಲಿ ಆ ಪ್ರವಾಸ ಅಮೆರಿಕಕ್ಕೆ ಹೋಯ್ತು. 'ಸೆಂಜುತ್ಸು' ಮತ್ತು 1986ರ 'ಸಮ್‌ವೇರ್ ಇನ್ ಟೈಮ್', ಈ ಎರಡರ ಹಾಡುಗಳೇ ಮುಖ್ಯವಾಗಿದ್ದ ಪ್ರವಾಸ ಅದು. ಹೊಸ ಪಕ್ಷ, ಹಳೇ ಪಕ್ಷ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಅಣ್ಣ ಹೋಗಿದ್ದ. ಮರುದಿನ ಫೋನ್ ಮಾಡಿದ. 'ದಿ ಟ್ರೂಪರ್'ನಲ್ಲಿ ಡ್ರಮ್ ಬದಲಾಗಿದೆ ಅಂದ. ನಾನು ಸುಮ್ಮನಿದ್ದೆ. "ಆದ್ರೂ ಹೊಡೆದ, ಮಾರಾಯ್ತಿ. ಪೂರ್ತಿ ಎರಡು ಗಂಟೆ. ಮುಗಿದ ಮೇಲೆ ಕೋಲುಗಳನ್ನೆಲ್ಲ ಜನರ ಕಡೆ ಎಸೆದು ನಗ್ತಾ ನಿಂತಿದ್ದ" ಅಂದ. 'ಹೆಲ್ ಆನ್ ಅರ್ತ್' ಬಗ್ಗೆ ಕೇಳಿದೆ, ಹನ್ನೊಂದು ನಿಮಿಷದ್ದು. "ಅದು... ಎದುರಿಗೆ ನಿಂತು ಕೇಳಿದ್ರೆ ಪರವಾಗಿಲ್ಲ." ಹದಿನೇಳು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಓಟು.

ಡಿಸೆಂಬರ್‌ನಲ್ಲಿ ಸಾವೊ ಪೌಲೊದಲ್ಲಿ ಕೊನೇ ಕಾರ್ಯಕ್ರಮ ನುಡಿಸಿ ನಿಕೋ ಪ್ರವಾಸದಿಂದ ನಿವೃತ್ತನಾದ.

2025ರಲ್ಲಿ ತಂಡಕ್ಕೆ 50. ಹೊಸ ಡ್ರಮ್ಮರ್ ಸೈಮನ್ ಡಾಸನ್ ಜೊತೆ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ ಹೊಸ ಪ್ರವಾಸ ಶುರುಮಾಡಿದ್ರು. ಅದರಲ್ಲಿ 1980ರಿಂದ 1992ರವರೆಗಿನ ಒಂಬತ್ತು ಆಲ್ಬಮ್‌ಗಳ ಹಾಡು ಮಾತ್ರ. ನಂತರದ ಎಂಟರಿಂದ ಒಂದೂ ಇಲ್ಲ! ಅಣ್ಣನಿಗೆ ಕೇಳಬೇಕೇ? "ನೋಡು, ತಂಡದವರೇ ತೀರ್ಪು ಕೊಟ್ರು" ಅಂತ ವಾರಗಟ್ಟಲೆ ಕಾಡಿಸಿದ. ಐವತ್ತನೇ ಹುಟ್ಟುಹಬ್ಬಕ್ಕೆ ಮದುವೆ ಆಲ್ಬಮ್ ತೆಗೆಯೋದು ಬೇರೆ, ಆಮೇಲಿನ ಸಂಸಾರ ಸುಳ್ಳು ಅನ್ನೋದು ಬೇರೆ ಅಂತ ನಾನೂ ಬಿಡಲಿಲ್ಲ. ಆದರೂ ಒಳಗೊಳಗೆ ಬೇಜಾರಾಯ್ತು. 'ಬ್ಲಡ್ ಬ್ರದರ್ಸ್' ಆದರೂ ಇಡಬಹುದಿತ್ತು. 2000ದ ಆಲ್ಬಮ್‌ನದ್ದು, ಸ್ಟೀವ್ ಹ್ಯಾರಿಸ್ ತೀರಿಹೋದ ತನ್ನ ಅಪ್ಪನನ್ನು ನೆನೆದು ಬರೆದದ್ದು. ಹೊಸ ಮೇಡನ್‌ನಲ್ಲಿ ಅಣ್ಣ ಯಾವತ್ತೂ ಬೈಯದ ಒಂದೇ ಹಾಡು ಅದು. ಯಾಕೆ ಅಂತ ನಾನೂ ಕೇಳಿಲ್ಲ.

ಕಳೆದ ಶನಿವಾರಕ್ಕೆ ವಾಪಸ್ ಬರ್ತೀನಿ. ಲಾರಿ, ಘಾಟಿ ಎಲ್ಲ ಆಯ್ತು. ನಾನು ಹಾಲ್‌ನಲ್ಲಿ ಬಟ್ಟೆ ಮಡಚ್ತಾ ಇದ್ದೆ, ಫೋನ್ ಸ್ಪೀಕರಲ್ಲಿತ್ತು. ಅಪ್ಪ ಮಲಗಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಾರೆ, ಎಷ್ಟು ಹೊತ್ತಿಂದಲೋ. ಮೆಲ್ಲಗೆ ಬಂದು ಸೋಫಾದಲ್ಲಿ ಕೂತು ಫೋನ್ ಕಡೆ ಕೈ ತೋರಿಸಿದರು.

"ಅಪ್ಪ ಇದ್ದಾರೆ, ಮಾತಾಡ್ತಾರಂತೆ" ಅಂದೆ.

ಆ ಕಡೆ ಸದ್ದಿಲ್ಲ. ಮೀಟಿಂಗ್ ಅಂತಾನೆ ಅಂತ ಕಾದೆ. ಅನ್ನಲಿಲ್ಲ.

ಅಪ್ಪ ಬಾಯಿ ತೆರೆದರು. ಪದ ಬರಲಿಲ್ಲ. ಎಡಗೈಯಿಂದ ತೊಡೆ ತಟ್ಟಿದರು, ತಾಳ ಹಿಡಿದರೆ ಪದ ಸ್ವಲ್ಪ ಸುಲಭ ಆಗುತ್ತೆ ಅವರಿಗೆ. "ನಾವು..." ಅಂದರು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ನನಗೆ ಮುಂದಿನ ಪದ ಗೊತ್ತಾಗಿತ್ತು, ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ. "...ಬೆಳಗಿನ ತನಕ..." ಮತ್ತೆ ತಾಳ. ಫ್ಯಾನ್ ತಿರುಗ್ತಿತ್ತು. ಡಲ್ಲಾಸ್ ಕಡೆಯಿಂದ ಉಸಿರಾಟ ಕೇಳಿಸ್ತಿತ್ತು, ಅಣ್ಣ ಲೈನಲ್ಲಿದ್ದಾನೆ ಅಂತ ಗೊತ್ತಾಗ್ತಿದ್ದದ್ದು ಅಷ್ಟರಿಂದಲೇ. "...ಆಟ ನೋಡಿದೋರು. ನಿನಗೆ... ಹನ್ನೆರಡು ನಿಮಿಷ... ಉದ್ದವಾ?"

ಹೇಳಿ ಮುಗಿಸಿ ಅಪ್ಪ ನಕ್ಕರು. ನಗು ಮಾತ್ರ ಹಳೆ ಶ್ರುತಿಯಲ್ಲೇ ಇದೆ.

ಅಣ್ಣ ಗಂಟಲು ಸರಿಮಾಡಿಕೊಂಡ. ಒಂದು ಸಲ, ಎರಡು ಸಲ.

"ಆದ್ರೂ ಅಪ್ಪಾ" ಅಂದ, "ಅದು ಉದ್ದವೇ."